ಅಂಗಡೀಲಿ ಕ್ಯಾಮೆರಾ ಇದ್ರೂ ಸ್ಟಾಕ್ ತಾಳೆ ಆಗ್ತಿಲ್ಲ, ಏನ್ ಮಾಡೋದು?

ಓದುಗರ ಪ್ರಶ್ನೆ: ನಮ್ದು ದಿನಸಿ ಅಂಗಡಿ, ತಾಲೂಕು ಕೇಂದ್ರದಲ್ಲಿದೆ. ಗಿರಾಕಿಗಳೇ ಒಳಗೆ ಬಂದು ತಗೊಳ್ಳೋ ತರ ರ‍್ಯಾಕ್ ಹಾಕಿ ಮಿನಿ ಮಾರ್ಟ್ ಮಾಡಿದೀವಿ, ನಾಲ್ಕು ಸಿಸಿ ಕ್ಯಾಮೆರಾನೂ ಇದೆ. ಆದ್ರೂ ತಿಂಗಳ ಕೊನೆಗೆ ಮಾಲು ಕಮ್ಮಿ ಬರ್ತಿದೆ. ಇನ್ನೂ ನಾಲ್ಕು ಕ್ಯಾಮೆರಾ ಹಾಕ್ಸೋದಾ?

ಉತ್ತರ: ಈಗಲೇ ಬೇಡ ಸರ್. ಮಾಲು ಎಲ್ಲಿಂದ ಹೋಗ್ತಿದೆ ಅಂತ ಗೊತ್ತಾಗದೆ ಕ್ಯಾಮೆರಾ ಎಷ್ಟು ಹಾಕ್ಸಿದ್ರೂ ದುಡ್ಡು ದಂಡ. ಸ್ಟಾಕ್ ಕಮ್ಮಿ ಬಂದ ತಕ್ಷಣ ಎಲ್ರೂ ಗಿರಾಕಿ ಕದ್ದ ಅಂದ್ಕೊಳ್ತಾರೆ, ಆದ್ರೆ ಡಿಸ್ಟ್ರಿಬ್ಯೂಟರ್ ಗಾಡಿಯಿಂದ ಇಳಿಸುವಾಗಲೇ ಬಾಕ್ಸ್ ಕಮ್ಮಿ ಬಂದಿರಬಹುದು, ಬಿಲ್ ಹಾಕುವಾಗ 1 ಲೀಟರ್ ಎಣ್ಣೆ ಬದಲು ಅರ್ಧ ಲೀಟರ್ ಒತ್ತಿರಬಹುದು, ಡೇಟ್ ಮುಗಿದಿದ್ದನ್ನ ಬಿಸಾಕಿ ಕಂಪ್ಯೂಟರಲ್ಲಿ ತೆಗೆಯೋದು ಮರೆತಿರಬಹುದು, ಇಲ್ಲಾ ಕೌಂಟರಲ್ಲೇ ಏನೋ ನಡೀತಿರಬಹುದು. ರ‍್ಯಾಕ್ ಕಡೆ ತಿರುಗಿರೋ ಕ್ಯಾಮೆರಾಗೆ ಇದ್ಯಾವುದೂ ಕಾಣಲ್ಲ.

ಅದಕ್ಕೆ ಮೊದ್ಲು ಎಣಿಸೋಕೆ ಶುರು ಮಾಡಿ. ಇಡೀ ಅಂಗಡಿ ಎಣಿಸೋದು ಬೇಡ, ಚಿಕ್ಕದಾಗಿದ್ದು ಬೆಲೆ ಜಾಸ್ತಿ ಇರೋ ಇಪ್ಪತ್ತು ಐಟಂ ಆರಿಸ್ಕೊಳ್ಳಿ. ತುಪ್ಪ, ಗೋಡಂಬಿ ಪ್ಯಾಕೆಟ್, ಡಿಯೋ, ಶೇವಿಂಗ್ ಬ್ಲೇಡ್, ದೊಡ್ಡ ಚಾಕ್ಲೇಟ್, ಮಕ್ಕಳ ಹಾಲಿನ ಪುಡಿ, ಇಂಥವು. ದಿನಾ ರಾತ್ರಿ ಶಟರ್ ಎಳೆಯೋ ಮುಂಚೆ ಇಷ್ಟನ್ನೇ ಎಣಿಸಿ ಕಂಪ್ಯೂಟರ್ ಲೆಕ್ಕದ ಜೊತೆ ನೋಡಿ. ಎರಡು ವಾರದಲ್ಲಿ ಒಂದು ದಾರಿ ಕಾಣುತ್ತೆ. ಮೂಲೆ ರ‍್ಯಾಕಿನ ಡಿಯೋ ಮಾತ್ರ ಕಮ್ಮಿ ಆಗ್ತಿದ್ರೆ ಅದನ್ನ ಕೌಂಟರ್ ಹಿಂದೆ ಇಟ್ಬಿಡಿ, ಅಲ್ಲಿಗೆ ಕ್ಯಾಮೆರಾನೇ ಬೇಕಾಗಲ್ಲ. ಮಾಲು ಬಂದ ದಿನವೇ ಲೆಕ್ಕ ತಪ್ಪುತ್ತಿದ್ರೆ ಇನ್ಮೇಲೆ ಇನ್‌ವಾಯ್ಸ್ ಹಿಡ್ಕೊಂಡು ಎಣಿಸಿದ ಮೇಲೇ ಸೈನ್ ಮಾಡಿ, ಗಾಡಿಯವರು ಎಷ್ಟೇ ಅರ್ಜೆಂಟ್ ಮಾಡಿದ್ರೂ.

ಇನ್ನು ಕೌಂಟರ್ ವಿಷಯ, ನನ್ನ ಪ್ರಕಾರ ಇದೇ ಎಲ್ಲಕ್ಕಿಂತ ಮುಖ್ಯ. ಸಾಮಾನ್ಯವಾಗಿ ಅಂಗಡಿಗಳಲ್ಲಿ ಬಿಲ್ಲಿಂಗ್ ಸಾಫ್ಟ್‌ವೇರಿಗೆ ಒಂದೇ ಪಾಸ್‌ವರ್ಡ್ ಇರುತ್ತೆ, ಮಾಲೀಕರು, ಅವರ ಮಗ, ಕೆಲಸದ ಹುಡುಗ ಎಲ್ರೂ ಅದರಲ್ಲೇ ಬಿಲ್ ಹಾಕ್ತಾರೆ. ಆಮೇಲೆ ಯಾವ ಬಿಲ್ ಯಾರು ಕ್ಯಾನ್ಸಲ್ ಮಾಡಿದ್ರು ಅಂತ ಹೇಗ್ ಗೊತ್ತಾಗಬೇಕು? ಒಬ್ಬೊಬ್ಬರಿಗೆ ಒಂದೊಂದು ಲಾಗಿನ್ ಮಾಡ್ಸಿ, ಕ್ಯಾನ್ಸಲ್ ಮಾಡೋ ಅಧಿಕಾರ ನಿಮ್ಮ ಹತ್ರನೇ ಇಟ್ಕೊಳ್ಳಿ. ಒಂದು ಕ್ಯಾಮೆರಾ ನೇರ ಮೇಲಿಂದ ಕೌಂಟರ್ ಮೇಜು, ಬಿಲ್ ಹಾಕೋರ ಕೈ, ಗಲ್ಲಾ ಮೂರೂ ಕಾಣೋ ತರ ಇರಲಿ, ಗಿರಾಕಿ ಪಿನ್ ಒತ್ತೋದು ಮಾತ್ರ ಕಾಣಬಾರದು. ಆಮೇಲೆ ರಾತ್ರಿ ಕ್ಯಾನ್ಸಲ್ ಆದ ಬಿಲ್ಲುಗಳ ಟೈಮ್ ನೋಡಿ, ಅದೇ ಟೈಮಿನ ರೆಕಾರ್ಡಿಂಗ್ ತೆಗೀರಿ. 6:42ಕ್ಕೆ ಬಿಲ್ ಕ್ಯಾನ್ಸಲ್ ಆಗಿದೆ, ವಿಡಿಯೋದಲ್ಲಿ ಗಿರಾಕಿ ದುಡ್ಡು ಕೊಟ್ಟು ಚೀಲ ತಗೊಂಡು ಹೋಗ್ತಿದಾರೆ ಅಂದ್ರೆ ವಿಚಾರಿಸಬೇಕಾದ ವಿಷಯ ಸಿಕ್ತು. ಇದಕ್ಕೆ ಡಿವಿಆರ್ (ಕ್ಯಾಮೆರಾ ವಿಡಿಯೋ ರೆಕಾರ್ಡ್ ಮಾಡಿಡೋ ಪೆಟ್ಟಿಗೆ) ಗಡಿಯಾರ, ಕಂಪ್ಯೂಟರ್ ಗಡಿಯಾರ ಎರಡೂ ಒಂದೇ ಇರಬೇಕು, ಹತ್ತು ನಿಮಿಷ ಹಿಂದೆ ಮುಂದೆ ಇದ್ರೂ ಹುಡುಕೋದು ಕಷ್ಟ.

ಒಂದು ಮಾತು, ಇದನ್ನ ಕೆಲಸದವರಿಗೆ ಮೊದಲೇ ಹೇಳಿ ಮಾಡಿ. ಸ್ಟಾಕ್ ಕಮ್ಮಿ ಬಂದಾಗೆಲ್ಲ ಅನುಮಾನ ಬರೋದು ಸಂಬಳಕ್ಕಿರೋ ಹುಡುಗರ ಮೇಲೇನೇ, ತಪ್ಪೇ ಮಾಡದೆ ಕಳ್ಳ ಅನ್ನಿಸ್ಕೊಂಡು ಕೆಲಸ ಕಳ್ಕೊಳ್ಳೋದು ತುಂಬಾ ಅನ್ಯಾಯ. ಸರಿಯಾದ ಲಾಗಿನ್, ಸರಿಯಾದ ವಿಡಿಯೋ ಇದ್ರೆ ಅವರ ಮರ್ಯಾದೆನೂ ಉಳಿಯುತ್ತೆ.

ಇರೋ ನಾಲ್ಕು ಕ್ಯಾಮೆರಾ ಸರಿ ಇದೆಯಾ ಅಂತನೂ ಚೆಕ್ ಮಾಡಿ. ಬಾಗಿಲಿಗೆ ಎದುರಾಗಿ ಇದ್ರೆ ಹೊರಗಿನ ಬಿಸಿಲಿಗೆ ಬರೋರ ಮುಖ ಕಪ್ಪಗೆ ಕಾಣುತ್ತೆ, ಅಲ್ಲಿಗೆ ಬಿಸಿಲು, ನೆರಳು ಎರಡನ್ನೂ ಸರಿದೂಗಿಸೋ ಡಬ್ಲ್ಯೂಡಿಆರ್ ಇರೋ ಕ್ಯಾಮೆರಾನೇ ಕೇಳಿ ಹಾಕ್ಸಿ. ರೆಕಾರ್ಡಿಂಗ್ ಎಷ್ಟು ದಿನ ಉಳಿಯುತ್ತೆ ಅಂತ ಲೆಕ್ಕ ಹಾಕಿ: ಒಂದು ಕ್ಯಾಮೆರಾ ಸೆಕೆಂಡಿಗೆ 2 ಮೆಗಾಬಿಟ್, ಅಂದ್ರೆ 2 ಎಂಬಿಪಿಎಸ್‌ನಲ್ಲಿ ಬಿಡದೆ ರೆಕಾರ್ಡ್ ಮಾಡಿದ್ರೆ ದಿನಕ್ಕೆ ಸುಮಾರು 21.6 ಜಿಬಿ, ನಾಲ್ಕಕ್ಕೆ 86 ಜಿಬಿ, ಅಂದ್ರೆ 1 ಟಿಬಿ ಹಾರ್ಡ್ ಡಿಸ್ಕ್ ಹನ್ನೊಂದು ಹನ್ನೆರಡು ದಿನಕ್ಕೆ ತುಂಬಿ ಹಳೇದು ಅಳಿಸಿ ಹೋಗುತ್ತೆ. ತಿಂಗಳ ಕೊನೆಗೆ ಸ್ಟಾಕ್ ನೋಡೋರಿಗೆ ತಿಂಗಳ ಮೊದಲ ವಾರದ್ದು ಸಿಗೋದೇ ಇಲ್ಲ. ಕರ್ನಾಟಕದ 2017ರ ಸಾರ್ವಜನಿಕ ಸುರಕ್ಷತಾ ಕಾಯ್ದೆ ಪ್ರಕಾರ ಒಂದೇ ಸಲಕ್ಕೆ 100 ಜನ ಇಲ್ಲಾ ದಿನಕ್ಕೆ 500 ಜನ ಸೇರೋ ಜಾಗಗಳಲ್ಲಿ ಕ್ಯಾಮೆರಾ ಹಾಕಿ 30 ದಿನದ ರೆಕಾರ್ಡಿಂಗ್ ಇಡಬೇಕು. ನಿಮ್ಮ ಅಂಗಡಿ ಅಷ್ಟು ದೊಡ್ಡದಲ್ಲದಿದ್ರೂ 30 ದಿನ ಇಟ್ಕೊಳ್ಳೋದು ಒಳ್ಳೇದು. ಮತ್ತೆ ಡಿವಿಆರ್ ಜೊತೆ ಬಂದ ಪಾಸ್‌ವರ್ಡ್ ಇವತ್ತೇ ಬದಲಾಯಿಸಿ. 2016ರಲ್ಲಿ ಮಿರಾಯ್ ಅನ್ನೋ ಹಾನಿ ಮಾಡೋ ಪ್ರೋಗ್ರಾಂ, ಅಂದ್ರೆ ಮಾಲ್‌ವೇರ್ ಜಗತ್ತಿನಾದ್ಯಂತ ಲಕ್ಷಾಂತರ ಕ್ಯಾಮೆರಾ, ಡಿವಿಆರ್ ಒಳಗೆ ನುಗ್ಗಿದ್ದು ಕಂಪನಿಯವರು ಕೊಟ್ಟ ಪಾಸ್‌ವರ್ಡ್ ಯಾರೂ ಬದಲಾಯಿಸಿರಲಿಲ್ಲ ಅಂತಲೇ.

ಯುಪಿಐ ಬಗ್ಗೆ ನೀವು ಕೇಳಿಲ್ಲ, ಆದ್ರೂ ಹೇಳ್ತೀನಿ. ಗಿರಾಕಿ ಫೋನಲ್ಲಿ ತೋರಿಸೋ ಹಸಿರು ಟಿಕ್ ನಂಬಬೇಡಿ, ಪೇಮೆಂಟ್ ಆದಂಗೆ ತೋರಿಸೋ ನಕಲಿ ಆ್ಯಪ್‌ಗಳಿವೆ. ಸೌಂಡ್ ಬಾಕ್ಸ್ ಹೇಳಬೇಕು, ಇಲ್ಲಾ ನಿಮ್ಮ ಆ್ಯಪಲ್ಲಿ ದುಡ್ಡು ಬಂದಿರೋದು ಕಾಣಬೇಕು. ಬೆಳಗ್ಗೆ ಅಂಗಡಿ ತೆಗೆದಾಗ ಕ್ಯೂಆರ್ ಸ್ಟಿಕರ್ ಒಂದ್ಸಲ ಸ್ಕ್ಯಾನ್ ಮಾಡಿ ನಿಮ್ಮ ಹೆಸರೇ ಬರುತ್ತಾ ನೋಡಿ, ರಾತ್ರೋರಾತ್ರಿ ಅದರ ಮೇಲೆ ಬೇರೆಯವರ ಸ್ಟಿಕರ್ ಅಂಟಿಸಿ ಹೋಗೋರಿದ್ದಾರೆ. ಮೋಸ ಆದ್ರೆ ತಡ ಮಾಡದೆ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ಇನ್ನು ರಾತ್ರಿ ಕಳ್ಳತನದ ವಿಷಯ: ರೋಲಿಂಗ್ ಶಟರಿಗೆ ಎರಡೂ ಕಡೆ ಮಾತ್ರ ಬೀಗ ಇದ್ರೆ ನಡುವಿಗೆ ರಾಡ್ ಹಾಕಿ ಎತ್ತಿಬಿಡ್ತಾರೆ, ಹಂಗಾಗಿ ಸೆಂಟರ್ ಲಾಕ್ ಹಾಕ್ಸಿ. ಕ್ಯಾಮೆರಾಗಿಂತ ಮೊದ್ಲು ಆ ದುಡ್ಡು ಖರ್ಚು ಮಾಡಿ ಅಂತ ನಾನು ಹೇಳ್ತೀನಿ.

ಯಾರಾದ್ರೂ ಕದಿಯುವಾಗ ಸಿಕ್ಕಿಬಿದ್ರೆ ಹೊಡೀಬೇಡಿ, ಕೂಡಿಹಾಕಬೇಡಿ, ಫೋಟೋ ತೆಗೆದು ವಾಟ್ಸಾಪ್ ಗ್ರೂಪಿಗೆ ಹಾಕ್ಬೇಡಿ, ಕೇಸ್ ನಿಮ್ಮ ಮೇಲೇ ತಿರುಗಬಹುದು. ಪೊಲೀಸರಿಗೆ, 112ಕ್ಕೆ ಕಾಲ್ ಮಾಡಿ. 2024ರ ಜುಲೈ 1ರಿಂದ ಜಾರಿಯಾದ ಭಾರತೀಯ ನ್ಯಾಯ ಸಂಹಿತೆಯಲ್ಲಿ ₹5,000ಕ್ಕಿಂತ ಕಮ್ಮಿ ಬೆಲೆಯ ಮಾಲು ಮೊದಲ ಸಲ ಕದ್ದು ವಾಪಸ್ ಕೊಟ್ಟವರಿಗೆ ಸಮುದಾಯ ಸೇವೆಯ (ಸಂಬಳವಿಲ್ಲದೆ ಜನರಿಗೆ ಉಪಯೋಗ ಆಗೋ ಕೆಲಸ ಮಾಡೋ) ಶಿಕ್ಷೆ ಇದೆ, ಮಗುವಿಗೋಸ್ಕರ ಹಾಲಿನ ಪುಡಿ ಕದ್ದ ತಾಯಿ ಅಂಥವರಿಗೆ ಅಷ್ಟು ಸಾಕು ಅಂತ ನನಗನ್ಸುತ್ತೆ. ದೊಡ್ಡ ಕಳ್ಳತನ ಆಗಿ ಕೇಸ್ ನಡೆಯೋದಾದ್ರೆ ಆ ದಿನದ ರೆಕಾರ್ಡಿಂಗ್ ಅಳಿಸಿ ಹೋಗೋ ಮುಂಚೆ ಕಾಪಿ ಮಾಡಿಸಿ ಇಡಿ, ಡಿವಿಆರ್ ಫಾರ್ಮ್ಯಾಟ್ ಮಾಡ್ಬೇಡಿ. ಕೋರ್ಟಲ್ಲಿ ವಿಡಿಯೋ ಸಾಕ್ಷಿ ಆಗಬೇಕು ಅಂದ್ರೆ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್ ಪ್ರಕಾರ ಸರ್ಟಿಫಿಕೇಟ್ ಬೇಕು, ಅದನ್ನ ಹೇಗೆ ಕೊಡಬೇಕು ಅಂತ ಸ್ಟೇಷನ್ನಲ್ಲೇ ತನಿಖೆ ಮಾಡೋರನ್ನ ಕೇಳಿ ತಿಳ್ಕೊಳ್ಳಿ.