ಗುಲ್ಮಾರ್ಗ್‌ಗೆ ಒಂದೇ ಗುಂಪು, ಎರಡು ಬುಕಿಂಗ್

ದಾವಣಗೆರೆಯಿಂದ ಕಾಶ್ಮೀರದ ಗುಲ್ಮಾರ್ಗ್‌ಗೆ ಸ್ಕೀ ಮಾಡಲು ಹೊರಡುವ ಕುಟುಂಬದಲ್ಲಿ ಎಲ್ಲ ಥರದವರೂ ಇರುತ್ತಾರೆ. ಅಮೆರಿಕದಲ್ಲಿ ನಾಲ್ಕೈದು ಚಳಿಗಾಲ ಸ್ಕೀ ಮಾಡಿದ ಅಳಿಯ, ಉತ್ತರಾಖಂಡದ ಔಲಿಯಲ್ಲಿ ಒಂದು ಸ್ಕೀ ಕೋರ್ಸ್ ಮುಗಿಸಿದ ಮಗಳು, ಹಿಮವನ್ನೇ ಕಾಣದ ಬೀಗರು, ಎಂಟು-ಹತ್ತು ವರ್ಷದ ಮಕ್ಕಳು. ಇಷ್ಟೂ ಜನಕ್ಕೆ ‘ಒಬ್ಬ ಗೈಡ್ ಸಾಕಲ್ವಾ ಸಾರ್?’ ಅಂತ ಕೇಳುತ್ತಾರೆ. ಸಾಲದು. ಕಲಿಸುವವನ ಕೆಲಸವೇ ಬೇರೆ, ಬೆಟ್ಟದ ಮೇಲೆ ಕರೆದೊಯ್ಯುವವನ ಕೆಲಸವೇ ಬೇರೆ.

ಜಾಗದ ಲೆಕ್ಕ ನೋಡಿದರೆ ಇದು ಅರ್ಥವಾಗುತ್ತದೆ. ಗುಲ್ಮಾರ್ಗ್ ಇರುವುದು ಸುಮಾರು 2,650 ಮೀಟರ್ ಎತ್ತರದಲ್ಲಿ. ಹೊಸಬರು ಕಲಿಯುವ ಇಳಿಜಾರು ಅಲ್ಲೇ ಕೆಳಗಿದೆ. ಗೊಂಡೋಲಾದ, ಅಂದರೆ ಕೇಬಲ್ ಕಾರಿನ, ಮೊದಲ ಹಂತ ಕೊಂಗ್‌ಡೂರಿವರೆಗೆ, ಸುಮಾರು 3,080 ಮೀಟರ್. ಎರಡನೇ ಹಂತ ಅಫರ್ವತ್ ಬೆಟ್ಟದ ಮೇಲೆ ಸುಮಾರು 3,950 ಮೀಟರಿಗೆ ಬಿಡುತ್ತದೆ. ಅಲ್ಲಿಂದ ಕೆಳಕ್ಕೆ ಬಹುಪಾಲು ಯಂತ್ರ ಹಾಯಿಸದ ಸಹಜ ಹಿಮವೇ. ಅಳಿಯ ಹೋಗಬೇಕೆನ್ನುವುದು ಅಲ್ಲಿಗೆ. ಬೀಗರಿಗೆ ಅಲ್ಲಿ ಕೆಲಸವಿಲ್ಲ.

ಮೊದಲು ಕಲಿಯುವವರ ವಿಷಯ. ಅಲ್ಲಿ ಕೇಂದ್ರ ಪ್ರವಾಸೋದ್ಯಮ ಸಚಿವಾಲಯದ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಸ್ಕೀಯಿಂಗ್ ಅಂಡ್ ಮೌಂಟೆನಿಯರಿಂಗ್ ಇದೆ, ಖಾಸಗಿ ತರಬೇತುದಾರರೂ ಬೇಕಾದಷ್ಟಿದ್ದಾರೆ. ಒಬ್ಬ ತರಬೇತುದಾರನಿಗೆ ಆರು ಜನ ಮೀರಬಾರದು. ಮಕ್ಕಳನ್ನೂ ದೊಡ್ಡವರನ್ನೂ ಒಂದೇ ಗುಂಪಿಗೆ ಹಾಕಬೇಡಿ. ಮಕ್ಕಳು ಬೇಗ ಹಿಡಿಯುತ್ತಾರೆ, ದೊಡ್ಡವರು ಬೀಳಲು ಹೆದರುತ್ತಾರೆ. ಬೆಳಿಗ್ಗೆ ಎರಡು ತಾಸು, ಮಧ್ಯಾಹ್ನ ಒಂದು ತಾಸು, ಹೀಗೆ ಕನಿಷ್ಠ ಮೂರು ದಿನ ಬೇಕು. ಅಳಿಯನೇ ಹೆಂಡತಿಗೆ ಕಲಿಸುತ್ತೇನೆಂದರೆ ಒಪ್ಪಬೇಡಿ. ಗಂಡ ಹೆಂಡತಿಗೆ ಕಾರು ಕಲಿಸಿದ ಹಾಗಾಗುತ್ತದೆ.

ಫೋನಿನಲ್ಲಿ ಒಂದೇ ಪ್ರಶ್ನೆ ಕೇಳಿ: ಮೊದಲ ಗಂಟೆ ಏನು ಕಲಿಸ್ತೀರಿ? ಸಮತಟ್ಟಿನಲ್ಲಿ ಒಂದೇ ಸ್ಕೀ ಹಾಕಿ ನಡೆಸುವುದು, ಬಿದ್ದು ಏಳುವುದು, ಅಡ್ಡಡ್ಡ ಹೆಜ್ಜೆಯಲ್ಲಿ ಹತ್ತುವುದು, ಸ್ಕೀ ತುದಿಗಳನ್ನು ಹತ್ತಿರ ತಂದು ಹಿಮ್ಮಡಿ ಅಗಲಿಸಿ ನಿಲ್ಲಿಸುವುದು, ಇಷ್ಟು ಬಂದರೆ ಸರಿ. ‘ನೇರ ಮೇಲೆ ಹೋಗಿಬಿಡೋಣ’ ಅಂದರೆ ಬೇರೆಯವರನ್ನು ಹುಡುಕಿ. ಪಾಠ ಹಿಂದಿಯಲ್ಲಿ ನಡೆಯುತ್ತದೆ. ಹಿಂದಿ ಬಾರದ ಅಜ್ಜಿಗೆ ‘ಘುಟ್ನೆ ಮೋಡೊ’ ಅಂದರೆ ಮೊಣಕಾಲು ಬಗ್ಗಿಸು ಅಂತ ಊರಲ್ಲೇ ಹೇಳಿಕೊಡಿ. ದಿನವಿಡೀ ಕೇಳಿಸುವುದು ಅದೇ.

ಬಾಡಿಗೆ ಬೂಟಿನಲ್ಲೇ ಅರ್ಧ ಪಾಠ ಕೆಡುತ್ತದೆ. ಒಂದೇ ಜೊತೆ ಸಾಕ್ಸ್ ಹಾಕಿ. ಎರಡು ಹಾಕಿದರೆ ಮಡಿಕೆ ಬಿದ್ದು ರಕ್ತ ಓಡಾಟ ತಡೆದು ಕಾಲು ಇನ್ನಷ್ಟು ತಣ್ಣಗಾಗುತ್ತದೆ. ಬಕಲ್ ಹಾಕಿ ನೆಟ್ಟಗೆ ನಿಂತಾಗ ಬೆರಳ ತುದಿ ಮುಂದಕ್ಕೆ ಸ್ವಲ್ಪ ತಾಕಬೇಕು, ಮೊಣಕಾಲು ಬಗ್ಗಿಸಿದಾಗ ಬಿಡಬೇಕು. ಹಿಮ್ಮಡಿ ಎದ್ದರೆ ಬೂಟು ದೊಡ್ಡದು. ಬೂಟನ್ನು ಸ್ಕೀಗೆ ಹಿಡಿದಿಡುವ ಬೈಂಡಿಂಗ್‌ನ ಬಿಗಿಯನ್ನು ತೂಕ, ಎತ್ತರ, ವಯಸ್ಸು, ಬೂಟಿನ ತಳದ ಉದ್ದ, ಅನುಭವ ನೋಡಿ ಹೊಂದಿಸಬೇಕು. ಇದ್ಯಾವುದನ್ನೂ ಕೇಳದೆ ಸ್ಕ್ರೂ ತಿರುಗಿಸಿದರೆ, ಬಿದ್ದಾಗ ಬಿಚ್ಚಿಕೊಳ್ಳಬೇಕಾದ ಸ್ಕೀ ಕಾಲಿಗೇ ಅಂಟಿಕೊಂಡು ಮಂಡಿ ತಿರುಚುತ್ತದೆ.

ಇನ್ನು ಗೈಡ್. ಅಫರ್ವತ್‌ನಲ್ಲಿ ಗೊಂಡೋಲಾದ ಸುತ್ತಲಿನ ಬಟ್ಟಲಿನಂಥ ಜಾಗವನ್ನು ಸ್ಕೀ ಗಸ್ತು ಪಡೆ ನೋಡಿಕೊಳ್ಳುತ್ತದೆ. ಅದರಾಚೆ ಯಾರ ಕಾವಲೂ ಇಲ್ಲ. 2023ರ ಫೆಬ್ರುವರಿಯಲ್ಲಿ ಅಲ್ಲಿ ಹಿಮಕುಸಿತಕ್ಕೆ ಸಿಕ್ಕಿ ಪೋಲೆಂಡಿನ ಇಬ್ಬರು ಸ್ಕೀಯರ್‌ಗಳು ತೀರಿಕೊಂಡರು. ಹಿಮ ಜಾರುವುದು ಹೆಚ್ಚಾಗಿ 30ರಿಂದ 45 ಡಿಗ್ರಿ ಇಳಿಜಾರಿನಲ್ಲಿ, ಸ್ಕೀ ಮಾಡಲು ಮಜಾ ಬರುವುದೂ ಅಲ್ಲೇ. ಹೊಸ ಹಿಮ ಬಿದ್ದ ಮೊದಲ 24ರಿಂದ 48 ಗಂಟೆ, ಗಾಳಿ ಹಿಮವನ್ನು ತಂದು ರಾಶಿ ಹಾಕಿದ ಮಗ್ಗುಲು, ಇವೆರಡೂ ಕೆಟ್ಟವು.

ಒಳ್ಳೆಯ ಗೈಡ್ ನೀವು ಕೇಳುವ ಮೊದಲೇ ನಿಮ್ಮನ್ನು ಕೇಳುತ್ತಾನೆ: ಪುಡಿ ಹಿಮದಲ್ಲಿ ಎಷ್ಟು ದಿನ ಮಾಡಿದ್ದೀರಿ, ಗುಂಪಿನಲ್ಲಿ ಕಡಿಮೆ ಬಲ್ಲವರು ಯಾರು? ದಾರಿ ನಿರ್ಧಾರವಾಗುವುದು ಆ ಕಡಿಮೆ ಬಲ್ಲವರಿಂದ, ಅಳಿಯನಿಂದಲ್ಲ. ಔಲಿ ಕೋರ್ಸ್ ಮುಗಿಸಿದ ಮಗಳು ಮೊದಲ ಅರ್ಧ ದಿನ ಕೊಂಗ್‌ಡೂರಿಯಲ್ಲಿ ಮಾಡಿ ತೋರಿಸಲಿ. ಹದ ಮಾಡಿದ ಇಳಿಜಾರಿನಲ್ಲಿ ಚೆನ್ನಾಗಿ ತಿರುಗುವವರೂ ಮೊಣಕಾಲುದ್ದ ಹಿಮದಲ್ಲಿ ಹಿಂದಕ್ಕೆ ವಾಲಿ, ಹತ್ತೇ ನಿಮಿಷದಲ್ಲಿ ತೊಡೆ ಸೋತು ಕೂತುಬಿಡುತ್ತಾರೆ. ಒಬ್ಬ ಗೈಡ್‌ಗೆ ನಾಲ್ವರು ಸಾಕು.

ಹಿಮದಡಿ ಸಿಕ್ಕವರನ್ನು ಸಂಕೇತದಿಂದ ಹುಡುಕುವ ಟ್ರಾನ್ಸೀವರ್, ಹಿಮಕ್ಕೆ ಚುಚ್ಚಿ ನೋಡುವ ಕನಿಷ್ಠ 240 ಸೆಂಟಿಮೀಟರ್ ಉದ್ದದ ಕೋಲು (ಪ್ರೋಬ್), ಲೋಹದ ಸಲಿಕೆ, ಈ ಮೂರೂ ಗೈಡ್ ಬಳಿ ಮಾತ್ರವಲ್ಲ, ಪ್ರತಿಯೊಬ್ಬರ ಬಳಿಯೂ ಇರಬೇಕು. ಹಿಮದಲ್ಲಿ ಹೂತುಹೋದವನು ಗೈಡೇ ಆದರೆ ಅಗೆಯುವವರು ನೀವೇ. ಮೊದಲ 10-15 ನಿಮಿಷ ದಾಟಿದರೆ ಬದುಕುವ ಅವಕಾಶ ಬೇಗ ಕುಸಿಯುತ್ತದೆ. ಹಾಗಾಗಿ ಹೊರಡುವ ಮುನ್ನ ಒಂದು ಹುಡುಕುವ ಅಭ್ಯಾಸ ಮಾಡಿಸದ ಗೈಡ್ ಬೇಡ. ಮೊಬೈಲನ್ನು ಟ್ರಾನ್ಸೀವರ್‌ನಿಂದ 20 ಸೆಂಟಿಮೀಟರ್ ದೂರ ಇಡಿ, ಹುಡುಕುವಾಗ 50. ಕೆಳಗಿನ ಊರುಗಳಾದ ಡ್ರಂಗ್ ಅಥವಾ ತಂಗ್‌ಮಾರ್ಗ್ ಕಡೆ ಇಳಿದರೆ ವಾಪಸ್ ಬರಲು ಗಾಡಿ ಯಾರು ಗೊತ್ತು ಮಾಡುತ್ತಾರೆ ಎಂದೂ ಕೇಳಿಕೊಳ್ಳಿ.

ತಯಾರಿಗೆ ಕುಂದುವಾಡ ಕೆರೆಯ ವಾಕಿಂಗ್ ಸಾಲದು, ಅದು ಸಪಾಟು. ಆರು ವಾರ ಮೊದಲಿನಿಂದ ಮೆಟ್ಟಿಲು ಇಳಿಯಿರಿ. ಭಾನುವಾರ ಚಿತ್ರದುರ್ಗದ ಕೋಟೆಗೆ ಹೋದರೆ ಹತ್ತುವುದಕ್ಕಿಂತ ನಿಧಾನವಾಗಿ ಇಳಿಯುವುದೇ ತೊಡೆಗೆ ಸ್ಕೀ ಕೆಲಸ ಕಲಿಸುತ್ತದೆ.

ವಿಮೆಯಲ್ಲಿ ಸ್ಕೀಯಿಂಗ್, ಹದ ಮಾಡಿದ ಹಾದಿಯ ಹೊರಗಿನ ಸ್ಕೀಯಿಂಗ್, ಹುಡುಕಿ ಕರೆತರುವ ಖರ್ಚು, ಮೂರೂ ಬರಹದಲ್ಲಿರಲಿ. ಹೊರ ರಾಜ್ಯದ ಪ್ರೀಪೇಯ್ಡ್ ಸಿಮ್ ಕಾಶ್ಮೀರದಲ್ಲಿ ನಡೆಯುವುದಿಲ್ಲ, ಪ್ರತಿ ಗುಂಪಿಗೂ ಒಂದೊಂದು ಪೋಸ್ಟ್‌ಪೇಯ್ಡ್ ಇರಲಿ. ಗಾಳಿ ಎದ್ದರೆ ಎರಡನೇ ಹಂತದ ಗೊಂಡೋಲಾ ನಿಲ್ಲಿಸುತ್ತಾರೆ. ಅಂಥ ದಿನದ ಗೈಡ್ ಹಣ ವಾಪಸ್ಸೋ, ಮರುದಿನಕ್ಕೋ ಎಂದು ಮುಂಗಡ ಹಾಕುವ ಮುಂಚೆಯೇ ವಾಟ್ಸ್‌ಆ್ಯಪ್‌ನಲ್ಲಿ ಬರೆಸಿಕೊಳ್ಳಿ.