ಅಜ್ಜನ ತಾಳ, ಮೊಮ್ಮಗಳ ಓಟ

ಬಸುರಿಯರಿಗೆ ಪಾಶ್ಚಾತ್ಯ ಸಂಗೀತಗಾರ ಮೊಜಾರ್ಟ್‌ನ ಸಂಗೀತ ಕೇಳಿಸಿದರೆ ಹುಟ್ಟುವ ಮಗು ಜಾಣ ಆಗುತ್ತದಂತೆ! ಈ ವಾಟ್ಸಾಪ್ ಪುರಾಣಕ್ಕೆ ಸಾವೇ ಇಲ್ಲ. ಇದಕ್ಕೆ ಮೂಲವಾದ 1993ರ ಪ್ರಯೋಗದಲ್ಲಿ ಸಂಗೀತ ಕೇಳಿದವರು ಕಾಲೇಜು ವಿದ್ಯಾರ್ಥಿಗಳು, ಕೂಸುಗಳಲ್ಲ. ಪರಿಣಾಮ ಉಳಿದದ್ದು ಹತ್ತು-ಹದಿನೈದು ನಿಮಿಷ. ಅಷ್ಟನ್ನೇ ನಂಬಿ 1998ರಲ್ಲಿ ಅಮೆರಿಕದ ಜಾರ್ಜಿಯಾ ರಾಜ್ಯದ ಗವರ್ನರು ನವಜಾತ ಶಿಶುಗಳಿಗೆಲ್ಲ ಸಂಗೀತದ ಸಿಡಿ ಹಂಚಲು ಬಜೆಟ್ಟಿನಲ್ಲಿ ದುಡ್ಡು ಕೇಳಿದ್ದರು. ಅದರ ಬದಲು ಮಗುವಿನ ಕೈಗೆ ತಾಳ ಕೊಟ್ಟು ಅಜ್ಜನ ಪಕ್ಕ ಕೂರಿಸಿ ನೋಡಿ.

ನಮ್ಮೂರ ಶನಿವಾರದ ಭಜನೆಯಲ್ಲಿ ಆರು ವರ್ಷದ ಹುಡುಗಿಯೊಬ್ಬಳು ತಾಳ ಹಿಡಿದರೆ ಪಲ್ಲವಿಯಲ್ಲೇ ಓಟ. ಅಜ್ಜ ಗದರುವುದಿಲ್ಲ. ಅವಳತ್ತ ವಾಲಿ, ತೊಡೆ ಮೇಲೆ ಜೋರಾಗಿ ತಟ್ಟುತ್ತಾರೆ. ತಾವೂ ಒಂಚೂರು ಬಿರುಸಾಗುತ್ತಾರೆ. ಎರಡನೇ ಚರಣಕ್ಕೆ ಇಬ್ಬರೂ ಒಂದೇ ಲಯದಲ್ಲಿ.

ಓಡುವುದು ಅವಳ ತಪ್ಪಲ್ಲ. ಹಾಯೆನಿಸುವ ವೇಗದಲ್ಲಿ ಬೆರಳು ತಟ್ಟಿ ಎಂದರೆ ದೊಡ್ಡವರ ಎರಡು ತಟ್ಟುಗಳ ನಡುವೆ ಸುಮಾರು 0.6 ಸೆಕೆಂಡು ಇರುತ್ತದೆ. ಚಿಕ್ಕ ಮಕ್ಕಳದು ಅದಕ್ಕಿಂತ ಚುರುಕು, ಮುದುಕರದು ಇನ್ನೂ ನಿಧಾನ. ಒಳಗಿನ ಗಡಿಯಾರಗಳೇ ಬೇರೆ.

ಅವು ಕೂಡುವುದು ಹೇಗೆ? ಪೆಟ್ಟು ಕೇಳಿದ ಮೇಲೆ ಕೈ ಎತ್ತಿದರೆ ತಡವಾಯಿತು. ಒಂದೇ ಒರಳಿಗೆ ಇಬ್ಬರು ಒನಕೆ ಹಾಕುವುದನ್ನು ನೆನೆಯಿರಿ: ಆಚೆಯ ಒನಕೆ ಎದ್ದದ್ದನ್ನು ನೋಡಿಕೊಂಡು ಕುಟ್ಟಲು ಹೋದರೆ ಒನಕೆಗೆ ಒನಕೆ ಬಡಿಯುತ್ತದೆ. ಮುಂದಿನ ಪೆಟ್ಟು ಯಾವಾಗ ಎಂದು ಮಿದುಳು ಮೊದಲೇ ಅಂದಾಜು ಕಟ್ಟುತ್ತದೆ, ತಪ್ಪಿದಷ್ಟನ್ನು ಮರುಪೆಟ್ಟಿಗೆ ತಿದ್ದಿಕೊಳ್ಳುತ್ತದೆ. ಹಗ್ಗದಾಟದಲ್ಲಿ ತಿರುಗುವ ಹಗ್ಗದೊಳಗೆ ನುಗ್ಗುವ ಹುಡುಗಿ ಮಾಡುವುದೂ ಇದನ್ನೇ. 1665ರಲ್ಲಿ ಕಾಯಿಲೆಯಿಂದ ಮಲಗಿದ್ದ ಡಚ್ ವಿಜ್ಞಾನಿ ಹೈಗನ್ಸ್, ಒಂದೇ ತೊಲೆಗೆ ನೇತುಹಾಕಿದ್ದ ಎರಡು ಗಡಿಯಾರಗಳ ಲೋಲಕಗಳು ಎದುರುಬದುರಾಗಿ, ಕರಾರುವಾಕ್ಕಾಗಿ ಜೊತೆ ತೂಗುವುದನ್ನು ಕಂಡ. ಕೆಡಿಸಿದರೂ ಅರ್ಧ ಗಂಟೆಯೊಳಗೆ ಮತ್ತೆ ಜೊತೆ! ತೊಲೆಯ ಸಣ್ಣ ಅಲುಗಾಟ ಒಂದರ ಸುದ್ದಿಯನ್ನು ಇನ್ನೊಂದಕ್ಕೆ ಮುಟ್ಟಿಸುತ್ತಿತ್ತು. ಗಡಿಯಾರ ಅಂದಾಜು ಕಟ್ಟುವುದಿಲ್ಲ, ಒಪ್ಪಿದೆ. ಆದರೆ ಭಜನೆಗೂ ತೊಲೆ ಬೇಕು. ಅದು ಎದುರಿಗಿರುವ ಮನುಷ್ಯ. ಜರ್ಮನಿಯಲ್ಲಿ ಕಿರ್ಶ್ನರ್ ಮತ್ತು ಟೊಮಾಸೆಲೊ ಎಂಬ ಸಂಶೋಧಕರು 2009ರಲ್ಲಿ ತೋರಿಸಿದ್ದೂ ಇದೇ. ಪುಟಾಣಿಗಳು ಯಂತ್ರದ ಡೋಲಿಗಿಂತ ಮನುಷ್ಯ ಬಾರಿಸಿದ ಡೋಲಿಗೆ ಚೆನ್ನಾಗಿ ಹೊಂದಿಕೊಂಡರು. ಮರುವರ್ಷದ ಪ್ರಯೋಗದಲ್ಲಿ, ಜೊತೆಯಾಗಿ ಹಾಡಿ ಬಾರಿಸಿದ ನಾಲ್ಕು ವರ್ಷದ ಮಕ್ಕಳು ಆಮೇಲೆ ಒಬ್ಬರಿಗೊಬ್ಬರು ಹೆಚ್ಚು ನೆರವಾದರು.

ಇಂಥ ರಾಗಕ್ಕೆ ಇಂಥ ರೋಗ ವಾಸಿ ಎಂಬ ಪಟ್ಟಿಗಳನ್ನು ನಾನಂತೂ ನಂಬುವುದಿಲ್ಲ. ಒಟ್ಟಿಗೆ ಹಾಡುವವರ ಎದೆಬಡಿತ ಒಟ್ಟಿಗೆ ಏರಿಳಿಯುವುದು ಮಾತ್ರ ನಿಜ. ಪವಾಡವೇನಿಲ್ಲ: ಸಾಲು ಮುಗಿದಲ್ಲಿ ಎಲ್ಲರೂ ಉಸಿರೆಳೆಯುತ್ತಾರೆ, ಉಸಿರು ಬಿಡುವಾಗ ಎಲ್ಲರ ಗುಂಡಿಗೆಯೂ ನಿಧಾನವಾಗುತ್ತದೆ.

ಕಳೆದ ಶನಿವಾರ ಮಂಗಳ ಮುಗಿದಾಗ ಅಜ್ಜನ ಮಂಡಿ ಹಿಡಿದುಕೊಂಡಿತ್ತು. ಹುಡುಗಿ ಯಾರೂ ಹೇಳದೆಯೇ ಮೂಲೆಯಿಂದ ಕೋಲು ತಂದುಕೊಟ್ಟಳು. ತಾಳದ ಫಲವೋ, ಬೇಗ ಎದ್ದರೆ ಅವಲಕ್ಕಿ ಬೇಗ ಸಿಗುತ್ತದೆಂಬ ಲೆಕ್ಕವೋ, ಕೇಳಲಿಲ್ಲ.