ಐದು ಎಂಜಿನ್‌ಗಳ ಅವಳಿ ವಿಮಾನ

ಎರಡನೆಯ ಮಹಾಯುದ್ಧದ ಕಾಲದ ಜರ್ಮನಿಯಲ್ಲಿ ಹೈಂಕೆಲ್ 111 ಝಡ್ ಎಂಬ ಜೋಡಿ ಒಡಲಿನ ವಿಮಾನ ಹುಟ್ಟಿದ್ದು ಇನ್ನೊಂದು ವಿಮಾನದ ಅತಿಭಾರದ ದೆಸೆಯಿಂದ. 1941ರಲ್ಲಿ ಹಾರಾಟ ಆರಂಭಿಸಿದ ಮೆಸ್ಸರ್‌ಸ್ಮಿಟ್ 321 ‘ಗಿಗಾಂಟ್’ ಎಂಜಿನ್ ಇಲ್ಲದ ದೈತ್ಯ ಗ್ಲೈಡರ್. ಅದರ ರೆಕ್ಕೆಗಳ ಹರವು 55 ಮೀಟರ್, ಹೊರುವ ಸರಕು ಸುಮಾರು 20 ಟನ್. ಅದನ್ನು ನೆಲದಿಂದ ಎಬ್ಬಿಸಲು ನಾಲ್ಕು ಎಂಜಿನ್‌ಗಳ ಯುಂಕರ್ಸ್ 90 ಕೂಡ ತಿಣುಕಿತು. ಆಗ ಮೂರು ಮೆಸ್ಸರ್‌ಸ್ಮಿಟ್ 110 ವಿಮಾನಗಳಿಗೆ ಒಟ್ಟಿಗೆ ಕಟ್ಟಿ ಎಳೆಸುವ ಏರ್ಪಾಡು ಮಾಡಿದರು. ಮೂವರಲ್ಲಿ ಒಬ್ಬ ಚಾಲಕ ತಪ್ಪಿದರೂ ನಾಲ್ಕೂ ವಿಮಾನಗಳಿಗೆ ಗಂಡಾಂತರ ಕಾದಿರುತ್ತಿತ್ತು.

ಇದಕ್ಕೆ ಸಿಕ್ಕ ಪರಿಹಾರ ಹೊಸ ವಿಮಾನವಲ್ಲ, ಕಾರ್ಖಾನೆಯಲ್ಲಿ ಆಗಲೇ ತಯಾರಾಗುತ್ತಿದ್ದ ಎರಡು ಹೈಂಕೆಲ್ 111 ಬಾಂಬರ್‌ಗಳ ಬೆಸುಗೆ. ಒಂದರ ಬಲ ರೆಕ್ಕೆಯ ಹೊರಭಾಗವನ್ನೂ ಇನ್ನೊಂದರ ಎಡ ರೆಕ್ಕೆಯ ಹೊರಭಾಗವನ್ನೂ ತೆಗೆದು, ನಡುವೆ ಹೊಸ ರೆಕ್ಕೆಯೊಂದನ್ನು ಜೋಡಿಸಿ, ಅದರ ಮೇಲೆ ಐದನೆಯ ಎಂಜಿನ್ ಕೂರಿಸಲಾಯಿತು. ಬಾಲಗಳು ಮಾತ್ರ ಬೇರೆಬೇರೆಯಾಗಿಯೇ ಉಳಿದವು. ಮುಖ್ಯ ಚಾಲಕ ಎಡ ಒಡಲಿನಲ್ಲಿ ಕುಳಿತು ಐದೂ ಎಂಜಿನ್‌ಗಳನ್ನು ನಿಯಂತ್ರಿಸುತ್ತಿದ್ದ.

ನೋಡಲು ವಿಲಕ್ಷಣವಾದರೂ ಇದರ ಹಿಂದಿನ ಭೌತವಿಜ್ಞಾನ ಗಟ್ಟಿಯಾದದ್ದು. ಗಾಳಿ ರೆಕ್ಕೆಯನ್ನು ಅದರ ಉದ್ದಕ್ಕೂ ಮೇಲೆತ್ತುತ್ತದೆ. ಆದರೆ ಸಾಮಾನ್ಯ ವಿಮಾನದಲ್ಲಿ ಭಾರದ ಬಹುಪಾಲು ನಡುವಿನ ಒಡಲಿನಲ್ಲೇ ಇರುವುದರಿಂದ, ರೆಕ್ಕೆ ಒಡಲನ್ನು ಸೇರುವ ಬುಡದಲ್ಲಿ ಅದನ್ನು ಬಾಗಿಸುವ ಒತ್ತಡ ಅತಿ ಹೆಚ್ಚು. ಕಾವಡಿಯಲ್ಲಿ ಹೊರೆ ಹಂಚಿದಂತೆ ಭಾರವನ್ನು ಎರಡು ಒಡಲುಗಳಿಗೆ ಹಂಚಿದರೆ ಈ ಒತ್ತಡ ಇಳಿಯುತ್ತದೆ. ಇದಕ್ಕೆ ತೆರಬೇಕಾದ ಬೆಲೆಯೂ ಇದೆ: ಒಂದು ಒಡಲಿನ ಮೂತಿ ಮೇಲೆದ್ದು ಇನ್ನೊಂದರದು ಕೆಳಗಿಳಿದರೆ ನಡುವಿನ ರೆಕ್ಕೆ ತಿರುಚಿಕೊಳ್ಳುತ್ತದೆ. ಅಲ್ಲದೆ ಭಾರ ನಡುವಿನಿಂದ ದೂರವಿರುವುದರಿಂದ ವಿಮಾನ ಪಕ್ಕಕ್ಕೆ ಹೊರಳುವುದು ನಿಧಾನವಾಗುತ್ತದೆ, ಹೊರಳಿದಾಗಲೆಲ್ಲ ಒಂದು ಪಕ್ಕದಲ್ಲಿ ಕುಳಿತ ಚಾಲಕ ಮೇಲೆ ಕೆಳಗೆ ತೂಗಾಡುತ್ತಾನೆ.

ಎಳೆಯುವ ವಿಮಾನಕ್ಕೆ ಇದು ದೊಡ್ಡ ಕೊರತೆಯಲ್ಲ. ಚುರುಕಾಗಿ ಹೊರಳಲೇಬೇಕಾದ ಯುದ್ಧವಿಮಾನದ ಮಾತೇ ಬೇರೆ. ಆದ್ದರಿಂದ ಎರಡು ಮೆಸ್ಸರ್‌ಸ್ಮಿಟ್ 109ಗಳನ್ನು ಬೆಸೆದ 109 ಝಡ್ ಯೋಜನೆ ನನಗೆ ಅಷ್ಟಾಗಿ ಒಪ್ಪಿಗೆಯಾಗುವುದಿಲ್ಲ. ಹೇಗೂ ಅದರ ಮಾದರಿ ಒಮ್ಮೆಯೂ ಹಾರದೆ ಮಿತ್ರಪಡೆಗಳ ಬಾಂಬ್ ದಾಳಿಗೆ ಸಿಕ್ಕಿ ಹಾನಿಗೊಂಡಿತು, 1944ರಲ್ಲಿ ಯೋಜನೆಯನ್ನೇ ಕೈಬಿಡಲಾಯಿತು.

ಹೈಂಕೆಲ್ ಅವಳಿಗಳು ತಯಾರಾದದ್ದು ಹನ್ನೆರಡರಷ್ಟು ಮಾತ್ರ. ಅಷ್ಟರಲ್ಲಿ ಗಿಗಾಂಟ್‌ಗೇ ಆರು ಎಂಜಿನ್‌ಗಳನ್ನು ಅಳವಡಿಸಿ ಮೆಸ್ಸರ್‌ಸ್ಮಿಟ್ 323 ಎಂಬ ಸಾಗಣೆ ವಿಮಾನವನ್ನಾಗಿಸಿದ್ದರಿಂದ, ಅವಳಿಯ ಮೂಲ ಕೆಲಸವೇ ತಪ್ಪುತ್ತ ಬಂದು, ಗಿಗಾಂಟ್‌ಗಿಂತ ಚಿಕ್ಕದಾದ ಗೋಥಾ 242 ಗ್ಲೈಡರ್‌ಗಳನ್ನು ಎಳೆಯುವುದೂ ಅದರ ಪಾಲಿಗೆ ಬಂತು.